ಈ ನಾಯಿ ಯಾರದು?

(ಹೊರಕೆರೆದೇವರಪುರದಲ್ಲಿ ಹೆಣ್ಣುಮಕ್ಕಳ ಕಲಿಕಾ ಕೂಟದಲ್ಲಿ ಆಡಿದ ಮಾತು)

ಅವ್ವಂದಿರೇ, ಅಕ್ಕತಂಗಿಯರೇ,

ಹೊಲದ ಕೆಲಸ, ದನದ ಕೆಲಸ, ಒಲೆ ಮುಂದಿನ ಕೆಲಸ ಎಲ್ಲ ಮುಗಿಸಿ ಬಂದು ಕೂತಿದ್ದೀರಿ. ಇವತ್ತು ನಾವು ಒಂದು ಮಾತು ಎತ್ತುತ್ತೀವಿ. ಇದು ಬರೀ ನಾಯಿಯ ಮಾತು ಅಲ್ಲ. ನಾಯಿ ಸಾಕುವವರ ಮಾತು.

"ಇದೇನು, ನಾಯಿ ಬಗ್ಗೆಯೂ ಭಾಷಣವಾ?" ಅಂತ ನಗಬೇಡಿ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋಗುವವರು ಯಾರು? ನಾವು. ನೀರಿಗೆ, ಹುಲ್ಲಿಗೆ, ಅಂಗಡಿಗೆ, ರೇಷನ್ನಿಗೆ ಹೋಗುವವರು ಯಾರು? ನಾವು. ಮಗುವನ್ನು ಅಂಗನವಾಡಿಗೆ ಬಿಡುವವರು ಯಾರು? ನಾವೇ. ಮೋಟಾರ್ ಸೈಕಲ್ಲಿನಲ್ಲಿ ಹೋಗುವವರು ಭರ್ರನೆ ಹೋಗುತ್ತಾರೆ. ನಡೆದು ಹೋಗುವವರಿಗೇ ನಾಯಿ ಅಡ್ಡ ಬರುವುದು. ಅದಕ್ಕೇ ಇದು ನಮ್ಮ ಮಾತು.

ನಾಯಿ ನಮಗೆ ಶತ್ರು ಅಲ್ಲ

ಮೊದಲು ಒಂದು ವಿಷಯ ತಿಳಿಯಾಗಿರಲಿ. ನಾಯಿ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಕುರಿ ಹಟ್ಟಿಯಲ್ಲಿ ರಾತ್ರಿಯೆಲ್ಲ ಕಾಯುವುದು ನಾಯಿ. ತೋಟದ ಮನೆಗೆ, ಕಣಕ್ಕೆ ಕಾವಲು ನಾಯಿ. ಒಂದು ತುತ್ತು ಅನ್ನ ಹಾಕಿದರೆ ಸಾಯುವ ತನಕ ನೆನೆಯುವ ಪ್ರಾಣಿ ಅದು. ನಮ್ಮಲ್ಲೂ ಎಷ್ಟೋ ಜನ ಸಾಕಿದ್ದೀವಿ.

ಮಂಡ್ಯ ಜಿಲ್ಲೆಯಲ್ಲಿ ಆತಕೂರು ಅಂತ ಒಂದು ಊರಿದೆ. ಅಲ್ಲಿ ಒಂದು ಹಳೆಯ ಕಲ್ಲು ಸಿಕ್ಕಿತು. ಸುಮಾರು ಕ್ರಿ.ಶ. 950ರ ಕಲ್ಲು. ಅಂದರೆ ಸಾವಿರ ವರ್ಷಕ್ಕೂ ಹಿಂದಿನದು. ಅದರಲ್ಲಿ ಕಾಳಿ ಎಂಬ ನಾಯಿಯ ಕತೆ ಇದೆ. ಕಾಳಿ ಒಂದು ದೊಡ್ಡ ಕಾಡುಹಂದಿಯ ಜೊತೆ ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಕಾಳಿ ಮೊದಲು ಗಂಗರ ದೊರೆ ಬೂತುಗನ ನಾಯಿ. ಅವನ ಕೈಯಿಂದ ಅದನ್ನು ಪಡೆದವನು ಮಣಲೇರ ಎಂಬ ವೀರ. ಇದೆಲ್ಲ ಕಲ್ಲಿನ ಮೇಲೆ ಅಕ್ಷರದಲ್ಲಿ ಬರೆದಿದೆ.

ನೋಡಿ, ಸಾವಿರ ವರ್ಷದ ಹಿಂದೆಯೇ ಒಂದು ನಾಯಿ ಯಾರದು ಅಂತ ಕಲ್ಲಿನಲ್ಲಿ ಕೆತ್ತಿಸಿದರು. ಈಗ ನಮ್ಮ ಬೀದಿಯಲ್ಲಿ ನಾಯಿ ಕಚ್ಚಿತು ಅನ್ನಿ. "ಈ ನಾಯಿ ಯಾರದು?" ಅಂತ ಕೇಳಿ. ಯಾರೂ ಬಾಯಿ ಬಿಡುವುದಿಲ್ಲ.

ರಾತ್ರಿ ನಮ್ಮದು, ಹಗಲು ಊರದು

ಕೆಲವರು ನಾಯಿ ಸಾಕುವ ರೀತಿ ಹೇಗಿದೆ? ರಾತ್ರಿ ಅದು ಅವರ ಮನೆ ಕಾಯಬೇಕು. ಬೆಳಗಾದರೆ ಸರಪಳಿ ಬಿಚ್ಚಿ ಬೀದಿಗೆ ಬಿಡುತ್ತಾರೆ. ಅದು ಬಸ್ ಸ್ಟ್ಯಾಂಡಿಗೆ ಹೋಗುತ್ತದೆ. ಶಾಲೆ ಗೇಟಿನ ಮುಂದೆ ಮಲಗುತ್ತದೆ. ಕೋಳಿ ಅಂಗಡಿ ಹತ್ತಿರ ಹೋಗಿ ಬೇರೆ ನಾಯಿಗಳ ಜೊತೆ ಕಚ್ಚಾಡುತ್ತದೆ. ಇನ್ನೊಬ್ಬರ ಅಂಗಳದಲ್ಲಿ, ರಂಗೋಲಿ ಬಿಟ್ಟ ಜಾಗದಲ್ಲಿ ಹೊಲಸು ಮಾಡುತ್ತದೆ. ಅದನ್ನು ಬಳಿಯುವವರು ಯಾರು? ನಾಯಿ ಸಾಕಿದವರಲ್ಲ. ಆ ಅಂಗಳದ ಹೆಣ್ಣುಮಗಳು.

ನಾಯಿ ಮೈಮೇಲೆ ಬಂದಾಗ ಮನೆಯವರು ಜಗಲಿ ಮೇಲೆ ಕೂತೇ ಹೇಳುತ್ತಾರೆ. "ಅದೇನೂ ಮಾಡಲ್ಲ, ಬಾರಮ್ಮ. ಸುಮ್ಮನೆ ಬೊಗಳ್ತೈತೆ ಅಷ್ಟೆ." ಬೊಗಳುವ ನಾಯಿ ಕಚ್ಚುವುದಿಲ್ಲ ಅಂತ ಗಾದೆ ಬೇರೆ ಇದೆ. ಗಾದೆ ನಮಗೆ ಗೊತ್ತು, ನಿಮಗೂ ಗೊತ್ತು. ನಾಯಿಗೆ ಗೊತ್ತಿರಬೇಕಲ್ಲ! ಮನೆಯವರಿಗೆ ಏನೂ ಮಾಡದ ನಾಯಿ ಹೊರಗಿನವರಿಗೂ ಏನೂ ಮಾಡುವುದಿಲ್ಲ ಅಂತ ಹೇಳಲಾಗದು. ಮರಿ ಹಾಕಿದ ನಾಯಿ, ಹಸಿದ ನಾಯಿ, ಹೆದರಿದ ನಾಯಿ ಯಾರನ್ನಾದರೂ ಕಚ್ಚಬಹುದು.

ಆಮೇಲೆ ನಿಜವಾಗಿ ಕಚ್ಚಿದಾಗ ಮಾತು ಬದಲಾಗುತ್ತದೆ. "ಅದು ನಮ್ದಲ್ಲ. ಬೀದಿ ನಾಯಿ. ಎಲ್ಲಿಂದಲೋ ಬಂದು ಬಿದ್ದೈತೆ." ಕಳ್ಳ ಬಂದರೆ ನಾಯಿ ಅವರದು. ಕಚ್ಚಿದರೆ ನಾಯಿ ಊರದು. ಇದು ಯಾವ ನ್ಯಾಯ?

ಇನ್ನೊಂದು ಸಂಗತಿ ಇದೆ. ನಾಯಿ ದೊಡ್ಡ ಮನೆಯದಾದರೆ ನಾವು ಬಾಯಿ ಕಟ್ಟಿಕೊಳ್ಳುತ್ತೀವಿ. ನಾಳೆ ಅವರ ತೋಟಕ್ಕೇ ಕೂಲಿಗೆ ಹೋಗಬೇಕು. ಅವರ ಹತ್ತಿರವೇ ಕೈಸಾಲ ಕೇಳಬೇಕು. ಅದಕ್ಕೇ ದಾರಿ ಬಿಟ್ಟು ಸುತ್ತು ಹಾಕಿ ಹೋಗುತ್ತೀವಿ. ಮಕ್ಕಳು ಶಾಲೆಗೆ ಹೋಗಲು ಅಳುತ್ತಾರೆ. ಮುದುಕರು ಗುಡಿಗೆ ಹೋಗುವುದನ್ನೇ ಬಿಡುತ್ತಾರೆ. ಲಕ್ಷ್ಮೀನರಸಿಂಹಸ್ವಾಮಿ ಗುಡಿಯ ದಾರಿ ಎಲ್ಲರ ದಾರಿ. ಶಾಲೆ ದಾರಿ ಎಲ್ಲರ ದಾರಿ. ಒಬ್ಬರ ಮನೆ ನಾಯಿಗಾಗಿ ಊರವರೆಲ್ಲ ದಾರಿ ಬಿಡಬೇಕೇ?

ಹೆಣ್ಣುಮರಿ ಬೇಡ ಅಂದವರು

ಬೀದಿ ನಾಯಿ ಎಲ್ಲಿಂದ ಬರುತ್ತದೆ? ಆಕಾಶದಿಂದ ಉದುರುವುದಿಲ್ಲ. ಎಷ್ಟೋ ನಾಯಿ ಯಾರದೋ ಮನೆಯಿಂದಲೇ ಬಂದದ್ದು. ಮನೆ ನಾಯಿ ಆರು ಮರಿ ಹಾಕಿತು ಅನ್ನಿ. ಗಂಡುಮರಿಗಳನ್ನು ಕೇಳಿದವರಿಗೆ ಕೊಡುತ್ತಾರೆ. ಹೆಣ್ಣುಮರಿ ಯಾರಿಗೂ ಬೇಡ. ಚೀಲಕ್ಕೆ ತುಂಬಿ ಕೆರೆ ಏರಿ ಮೇಲೋ, ಸಂತೆ ಮೈದಾನದಲ್ಲೋ, ಇನ್ನೊಂದು ಊರ ಬಸ್ ಸ್ಟ್ಯಾಂಡಿನಲ್ಲೋ ಬಿಟ್ಟು ಬರುತ್ತಾರೆ. ಬದುಕಿದ ಹೆಣ್ಣುಮರಿ ವರ್ಷದೊಳಗೆ ತಾಯಾಗುತ್ತದೆ. ಆಮೇಲೆ "ಊರಲ್ಲಿ ನಾಯಿ ಹೆಚ್ಚಾದವು" ಅಂತ ಎಲ್ಲರೂ ಬೈಯುತ್ತೀವಿ. ಹೆಣ್ಣು ಅಂತ ಬೇಡವಾಗುವುದು ಏನು ಅಂತ ನಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಹೀಗೆ ಬಿಟ್ಟು ಬಂದರೆ ಏನಾಗಬಹುದು? ನಮ್ಮ ಪಕ್ಕದ ದಾವಣಗೆರೆ ಜಿಲ್ಲೆಯಲ್ಲಿ 2025ರ ಡಿಸೆಂಬರ್ ತಿಂಗಳಲ್ಲಿ ಒಂದು ದುಃಖದ ಸಂಗತಿ ನಡೆಯಿತು. ರಾಟ್‌ವೀಲರ್ ಜಾತಿಯ ಎರಡು ದೊಡ್ಡ ನಾಯಿಗಳು ಒಬ್ಬ ಹೆಣ್ಣುಮಗಳ ಮೇಲೆ ಬಿದ್ದು ಕಚ್ಚಿದವು. ಆಕೆ ತೀರಿಕೊಂಡಳು. ಅವು ಬೀದಿಯಲ್ಲಿ ಹುಟ್ಟಿದ ನಾಯಿಗಳಲ್ಲ. ಸಾಕಿದವರೇ ತಂದು ಬಿಟ್ಟು ಹೋದ ನಾಯಿಗಳು ಅಂತ ಪತ್ರಿಕೆಗಳಲ್ಲಿ ಬಂತು. ದುಡ್ಡು ಕೊಟ್ಟು ತಂದು ಸಾಕಿದ ನಾಯಿಯನ್ನು ಬೇಡವಾದಾಗ ಬೀದಿಗೆ ಬಿಟ್ಟರೆ, ಅದರ ಬೆಲೆ ತೆರುವವರು ದಾರಿಯಲ್ಲಿ ನಡೆದು ಹೋಗುವವರು.

ಹುಚ್ಚುನಾಯಿ ರೋಗ

ನಾಯಿ ಕಚ್ಚಿದರೆ ಬರೀ ಗಾಯದ ಚಿಂತೆ ಅಲ್ಲ. ಹುಚ್ಚುನಾಯಿ ರೋಗದ ಚಿಂತೆ. ಡಾಕ್ಟರು ಇದಕ್ಕೆ ರೇಬಿಸ್ ಅನ್ನುತ್ತಾರೆ. ರೋಗದ ನಾಯಿಯ ಜೊಲ್ಲಿನಲ್ಲಿ ಇದರ ವಿಷಾಣು ಇರುತ್ತದೆ. ಕಚ್ಚಿದರೆ ಬರಬಹುದು. ಪರಚಿದರೆ ಬರಬಹುದು. ಗಾಯ ಇರುವ ಕಡೆ ನೆಕ್ಕಿದರೂ ಬರಬಹುದು. ಸಾಮಾನ್ಯವಾಗಿ ಎರಡು ಮೂರು ತಿಂಗಳ ಮೇಲೆ ರೋಗ ಕಾಣಿಸುತ್ತದೆ. ಕೆಲವರಿಗೆ ಬೇಗ, ಕೆಲವರಿಗೆ ಇನ್ನೂ ತಡ. ನೀರು ಕಂಡರೆ ಗಂಟಲು ಹಿಡಿಯುತ್ತದೆ. ಒಮ್ಮೆ ರೋಗ ಕಾಣಿಸಿಕೊಂಡರೆ ಉಳಿಯುವುದು ಇಲ್ಲವೇ ಇಲ್ಲ ಅನ್ನಬಹುದು. ಲೋಕದಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮನುಷ್ಯರಿಗೆ ಈ ರೋಗ ಹೆಚ್ಚುಕಡಿಮೆ ಯಾವಾಗಲೂ ಬರುವುದು ನಾಯಿಯಿಂದಲೇ. ಸಾಯುವವರಲ್ಲಿ ಮಕ್ಕಳೂ ಬಹಳ.

ಆದರೆ ಇದನ್ನು ತಡೆಯಬಹುದು. 1885ರಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗನಿಗೆ ಹುಚ್ಚುನಾಯಿ ಕಚ್ಚಿತು. ಅವನ ತಾಯಿ ಸುಮ್ಮನೆ ಕೂರಲಿಲ್ಲ. ಮಗನನ್ನು ಕರೆದುಕೊಂಡು ದೂರದ ಪ್ಯಾರಿಸ್ ಪಟ್ಟಣಕ್ಕೆ ಹೋದಳು. ಅಲ್ಲಿ ಲೂಯಿ ಪಾಶ್ಚರ್ ಎಂಬ ವಿಜ್ಞಾನಿ ಇದ್ದರು. ಜುಲೈ 6ರಂದು ಆ ಹುಡುಗನಿಗೆ ಹೊಸ ಲಸಿಕೆ ಹಾಕಿಸಲು ಶುರು ಮಾಡಿದರು. ಹುಡುಗ ಉಳಿದ. ಪಾಶ್ಚರ್ ತೀರಿಕೊಂಡ ದಿನ ಸೆಪ್ಟೆಂಬರ್ 28. ಆ ದಿನವನ್ನು ಈಗ ವಿಶ್ವ ರೇಬಿಸ್ ದಿನ ಅಂತ ಆಚರಿಸುತ್ತಾರೆ.

ನಾಯಿ ಕಚ್ಚಿದರೆ ಏನು ಮಾಡಬೇಕು? ಚೆನ್ನಾಗಿ ನೆನಪಿಡಿ.

1. ಗಾಯವನ್ನು ಕೂಡಲೇ ಸೋಪು ಹಚ್ಚಿ ಸುರಿಯುವ ನೀರಿನಲ್ಲಿ ತೊಳೆಯಿರಿ. ಹದಿನೈದು ನಿಮಿಷ ತೊಳೆಯಬೇಕು.

2. ಸುಣ್ಣ, ಖಾರದಪುಡಿ, ಅರಿಶಿನ, ಕಾಫಿಪುಡಿ, ಎಣ್ಣೆ ಏನನ್ನೂ ಹಚ್ಚಬೇಡಿ. ಬಿಗಿಯಾಗಿ ಬಟ್ಟೆ ಕಟ್ಟಬೇಡಿ.

3. ಅದೇ ದಿನ ಆಸ್ಪತ್ರೆಗೆ ಹೋಗಿ. ಗಾಯ ಚಿಕ್ಕದು ಅಂತ ಬಿಡಬೇಡಿ. ಮಂತ್ರ, ತಾಯಿತ, ನಾಟಿ ಔಷಧಿ ಅಂತ ಹೊತ್ತು ಕಳೆಯಬೇಡಿ.

4. ಡಾಕ್ಟರು ಹೇಳಿದಷ್ಟೂ ಇಂಜೆಕ್ಷನ್ ಹಾಕಿಸಿಕೊಳ್ಳಿ. ಅರ್ಧಕ್ಕೆ ಬಿಡಬೇಡಿ. ಗಾಯ ಆಳವಾಗಿದ್ದರೆ ಗಾಯದೊಳಕ್ಕೇ ಇನ್ನೊಂದು ಮದ್ದು ಹಾಕುತ್ತಾರೆ. ಅದೂ ಬೇಕು.

"ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್" ಅಂತ ಹಳಬರು ಹೆದರಿಸುತ್ತಾರೆ. ಅದು ಹಿಂದಿನ ಮಾತು. ಕುರಿ ಮೆದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ 2005ರ ಹೊತ್ತಿಗೇ ಕೈಬಿಟ್ಟರು. ಈಗ ದೊಡ್ಡವರಿಗೆ ತೋಳಿಗೆ ಹಾಕುತ್ತಾರೆ. ಮೊದಲ ದಿನ, ಆಮೇಲೆ 3ನೇ ದಿನ, 7ನೇ ದಿನ, 28ನೇ ದಿನ ಹೀಗೆ ಬರಲು ಹೇಳುತ್ತಾರೆ. ಕೆಲವು ಕಡೆ 14ನೇ ದಿನವೂ ಇರುತ್ತದೆ. ಚೀಟಿಯಲ್ಲಿ ತಾರೀಕು ಬರೆದಿರುತ್ತದೆ. ಈಗ ನಾವು ಓದಬಲ್ಲೆವು. ತಾರೀಕು ತಪ್ಪಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಈ ಲಸಿಕೆಗೆ ದುಡ್ಡು ಕೊಡಬೇಕಾಗಿಲ್ಲ.

ಲಸಿಕೆಗೆ ದುಡ್ಡು ಇಲ್ಲ, ಸರಿ. ಆದರೆ ನಾಲ್ಕು ಸಲ ಹೋಗಿಬಂದರೆ ನಾಲ್ಕು ದಿನದ ಕೂಲಿ ಹೋಯಿತು. ಮಗುವಿಗೆ ಕಚ್ಚಿದ್ದರೆ ಮಗುವಿನ ಶಾಲೆಯೂ ಹೋಯಿತು, ತಾಯಿಯ ಕೂಲಿಯೂ ಹೋಯಿತು. ಬಿಚ್ಚಿ ಬಿಟ್ಟವರಿಗೆ ಏನೂ ಹೋಗಲಿಲ್ಲ.

ನಮ್ಮದು ಅಂದರೆ ಒಂದು ಜೀವ ಉಳಿದೀತು

"ನಾಯಿ ಯಾರದು?" ಅಂತ ನಾವು ಕೇಳುವುದು ಜಗಳಕ್ಕೆ ಅಲ್ಲ. ಅದಕ್ಕೆ ಕಾರಣ ಇದೆ. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕು. ಹತ್ತು ದಿನವೂ ಅದು ಚೆನ್ನಾಗಿ ತಿಂದುಕೊಂಡು ಓಡಾಡಿಕೊಂಡಿದ್ದರೆ, ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗ ಇರಲಿಲ್ಲ ಅಂತ ತಿಳಿಯುತ್ತದೆ. ಅದಕ್ಕೆ ರೋಗ ಬಂದರೆ, ಸತ್ತರೆ, ಕಾಣೆಯಾದರೆ ಡಾಕ್ಟರಿಗೆ ಹೇಳಲೇಬೇಕು. ಆದರೆ ಹತ್ತು ದಿನ ನೋಡಿ ಆಮೇಲೆ ಹೋಗೋಣ ಅಂತ ಕೂರಬಾರದು. ಇಂಜೆಕ್ಷನ್ ಮೊದಲು, ಗಮನಿಸುವುದು ಜೊತೆಗೆ.

ಸಾಕಿದವರು "ನಮ್ದೇ ನಾಯಿ, ಇಗೋ ಲಸಿಕೆ ಕಾರ್ಡು" ಅಂದರೆ ಡಾಕ್ಟರಿಗೆ ದಾರಿ ಕಾಣುತ್ತದೆ. ತಾಯಿಗೆ ರಾತ್ರಿ ನಿದ್ದೆ ಬರುತ್ತದೆ. "ನಮ್ದಲ್ಲ" ಅಂದು ನಾಯಿಯನ್ನು ತೋಟಕ್ಕೆ ಸಾಗಿಸಿಬಿಟ್ಟರೆ? ಕಚ್ಚಿಸಿಕೊಂಡವರು ಕತ್ತಲಲ್ಲಿ ಉಳಿಯುತ್ತಾರೆ. ಆ ಒಂದು ಸುಳ್ಳು ಒಂದು ಜೀವ ತೆಗೆಯಬಹುದು.

ಸಾಕಿದವರ ಕೆಲಸ

ನಾಯಿ ಸಾಕುವುದು ಅಂದರೆ ಬರೀ ಅನ್ನ ಹಾಕುವುದಲ್ಲ. ಸಾಕಿದವರು ಈ ಕೆಲಸ ಮಾಡಬೇಕು.

ಮರಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು. ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷ ಹಾಕಿಸಬೇಕು. ಕಾರ್ಡು ಜೋಪಾನ ಮಾಡಬೇಕು.

ಕೊರಳಿಗೆ ಪಟ್ಟಿ ಹಾಕಬೇಕು. ಆಗ ಅದು ಸಾಕಿದ ನಾಯಿ ಅಂತ ನೋಡಿದವರಿಗೆ ತಿಳಿಯುತ್ತದೆ. ಬೀದಿಗೆ, ಸಂತೆಗೆ, ತೇರಿಗೆ ಕರೆದುಕೊಂಡು ಹೋದರೆ ಕೈಯಲ್ಲಿ ಹಗ್ಗ ಇರಬೇಕು. ಹಗ್ಗ ಮಗುವಿನ ಕೈಗೆ ಕೊಡಬಾರದು.

ಹಾಗಂತ ಹಗಲೂ ರಾತ್ರಿ ಗೇಣುದ್ದ ಸರಪಳಿಯಲ್ಲಿ ಬಿಗಿಯಬಾರದು. ಕಟ್ಟಿಯೇ ಇಟ್ಟ ನಾಯಿ ಸಿಟ್ಟಿನ ನಾಯಿ ಆಗುತ್ತದೆ. ಉದ್ದ ಹಗ್ಗ, ನೆರಳು, ನೀರು, ದಿನಾ ಒಂದಿಷ್ಟು ಅಡ್ಡಾಟ ಅದಕ್ಕೂ ಬೇಕು.

ಮರಿ ಬೇಡದಿದ್ದರೆ ಆಪರೇಷನ್ ಮಾಡಿಸಬೇಕು. ಪಶು ಆಸ್ಪತ್ರೆಯಲ್ಲಿ ಕೇಳಬೇಕು. ಚೀಲದಲ್ಲಿ ತುಂಬಿ ಬಿಟ್ಟು ಬರಬಾರದು.

ಹೊಲಸು ಮಾಡಿದರೆ ಸಾಕಿದವರೇ ತೆಗೆದು ಹೂಳಬೇಕು. ನಾಯಿ ಹೊಲಸಿನಲ್ಲಿ ಹುಳುವಿನ ಮೊಟ್ಟೆ ಇರುತ್ತವೆ. ಮಕ್ಕಳು ಅದೇ ಮಣ್ಣಿನಲ್ಲಿ ಆಡುತ್ತಾರೆ.

ಕುರಿ ಕೊಯ್ದಾಗ ತಲೆ, ಕರುಳು, ಹಸಿ ಮಾಂಸ ನಾಯಿಗೆ ಎಸೆಯಬಾರದು. ಕುರಿ ಸಾಕಿದವರು ಇದನ್ನು ಕೇಳಿ. ಕುರಿ ಸುತ್ತು ಹಾಕಿ ಹಾಕಿ ಬಿದ್ದು ಸಾಯುವ ಒಂದು ರೋಗ ಇದೆಯಲ್ಲ? ಅಂಥ ಕುರಿಯ ಮೆದುಳಿನಲ್ಲಿ ನೀರುಗುಳ್ಳೆ ಇರುತ್ತದೆ. ಆ ತಲೆಯನ್ನು ನಾಯಿ ತಿಂದರೆ ನಾಯಿ ಹೊಟ್ಟೆಯಲ್ಲಿ ಲಾಡಿಹುಳು ಆಗುತ್ತದೆ. ಅದರ ಮೊಟ್ಟೆ ನಾಯಿ ಹೊಲಸಿನಲ್ಲಿ ಬಂದು ಹುಲ್ಲಿಗೆ ಸೇರುತ್ತದೆ. ಆ ಹುಲ್ಲು ಮೇಯ್ದ ಕುರಿಗೆ ಮತ್ತೆ ರೋಗ. ಎಸೆದ ತಲೆ ತಿರುಗಿ ನಮ್ಮ ಹಟ್ಟಿಗೇ ಬರುತ್ತದೆ.

ಕಾನೂನು ಏನು ಹೇಳುತ್ತದೆ?

ಇದು ಬರೀ ಒಳ್ಳೆಯತನದ ಮಾತಲ್ಲ. ಕಾನೂನೂ ಇದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಅದರ 291ನೇ ಕಲಂ ಇದಕ್ಕೆ ಸೇರಿದ್ದು. ತನ್ನ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯ ಆಗದ ಹಾಗೆ, ಭಾರಿ ಗಾಯ ಆಗದ ಹಾಗೆ ನೋಡಿಕೊಳ್ಳದವರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಿಂದಿನ ಕಾನೂನಿನಲ್ಲೂ ಇಂಥದೇ ಕಲಂ ಇತ್ತು. ಆಗ ದಂಡ 1,000 ರೂಪಾಯಿವರೆಗೆ ಇತ್ತು.

2023ರಲ್ಲಿ ಕೇಂದ್ರ ಸರ್ಕಾರ ನಾಯಿಗಳ ಬಗ್ಗೆ ಹೊಸ ನಿಯಮ ಮಾಡಿತು. ಅದರ ಪ್ರಕಾರ ಸಾಕಿದ ನಾಯಿಯ ಲಸಿಕೆ ಸಾಕಿದವರ ಹೊಣೆ. ಬೀದಿ ನಾಯಿಗೆ ಲಸಿಕೆ, ಆಪರೇಷನ್ ಮಾಡಿಸುವುದು ಪಂಚಾಯಿತಿ, ಪುರಸಭೆಯಂಥ ಸಂಸ್ಥೆಗಳ ಹೊಣೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಜಾಗಗಳಿಂದ ಬೀದಿ ನಾಯಿಗಳನ್ನು ಬೇರೆ ಕಡೆ ಸಾಗಿಸಲು ಆದೇಶ ಕೊಟ್ಟಿತು.

ನಾಯಿಯ ಪರವಾಗಿಯೂ ಕಾನೂನಿದೆ. 1960ರ ಕಾಯಿದೆ ಪ್ರಕಾರ ಪ್ರಾಣಿಗೆ ಹಿಂಸೆ ಕೊಡುವುದು ಅಪರಾಧ. ಹಸಿವು ಬಾಯಾರಿಕೆಯಿಂದ ನರಳುವಂತೆ ಅದನ್ನು ಎಲ್ಲೋ ಬಿಟ್ಟು ಹೋಗುವುದೂ ಅಪರಾಧ. ಸಿಟ್ಟಿನಲ್ಲಿ ವಿಷ ಹಾಕುವವರಿದ್ದಾರೆ. ಬೇಡಿ ತಾಯಂದಿರೇ. ಅದು ಪಾಪ, ಅಪರಾಧ ಕೂಡ. ತಪ್ಪು ಮಾಡಿದವರು ಎರಡು ಕಾಲಿನವರು. ಸಾಯುವುದು ನಾಲ್ಕು ಕಾಲಿನದು. ಆ ವಿಷ ಕೋಳಿಗೂ ಹೋಗುತ್ತದೆ, ಮಗುವಿನ ಕೈಗೂ ಹೋಗಬಹುದು.

ನಾವು ಏನು ಮಾಡಬಹುದು?

ಒಬ್ಬರೇ ಹೋಗಿ ಕೇಳಿದರೆ ಜಗಳ ಆಗುತ್ತದೆ. ಹತ್ತು ಜನ ಹೋಗಿ ಕೇಳಿದರೆ ಅದು ಮಾತುಕತೆ ಆಗುತ್ತದೆ. ಮೊದಲು ಸಂಘದಲ್ಲಿ ಮಾತಾಡೋಣ. ಆಮೇಲೆ ನಾಯಿ ಸಾಕಿದ ಮನೆಗೆ ಒಟ್ಟಿಗೆ ಹೋಗೋಣ. ಆ ಮನೆಯ ಅವ್ವನ ಹತ್ತಿರ, ಅಕ್ಕನ ಹತ್ತಿರ ಮಾತಾಡೋಣ. "ಅಕ್ಕಾ, ನಿಮ್ಮ ನಾಯಿ ನಮಗೂ ಬೇಕಾದ್ದೇ. ಮಕ್ಕಳು ಸ್ಕೂಲಿಗೆ ಹೋಗೋ ಹೊತ್ತು, ಬರೋ ಹೊತ್ತು ಕಟ್ಟಿಹಾಕ್ರಿ. ಲಸಿಕೆ ಹಾಕ್ಸಿದ್ದೀರಾ? ಇಲ್ಲ ಅಂದ್ರೆ ನಾಳೆ ಎಲ್ಲರೂ ಸೇರಿ ಪಶು ಆಸ್ಪತ್ರೆಗೆ ಹೋಗೋಣ" ಅನ್ನೋಣ. ಬೈದರೂ ನಾವು ಬೈಯುವುದು ಬೇಡ. ಇನ್ನೊಂದು ಸಲ ಹೋಗೋಣ.

ಒಂದು ಲೆಕ್ಕವೂ ನೆನಪಿರಲಿ. ಊರಿನಲ್ಲಿ 100 ನಾಯಿ ಇದ್ದರೆ ಕನಿಷ್ಠ 70ಕ್ಕೆ ಲಸಿಕೆ ಹಾಕಿಸಬೇಕು. ಆಗ ಆ ಊರಿನಲ್ಲಿ ರೋಗ ಹರಡುವುದು ನಿಲ್ಲುತ್ತದೆ ಅಂತ ತಿಳಿದವರು ಹೇಳುತ್ತಾರೆ. ಹಾಗಾದರೆ ಮೊದಲು ಎಣಿಸಬೇಕು. ಎಣಿಸುವುದು, ಬರೆಯುವುದು ನಮಗೆ ಬರುತ್ತದೆ. ಯಾವ ಬೀದಿ, ಎಷ್ಟು ನಾಯಿ, ಯಾರ ಮನೆಯದು, ಲಸಿಕೆ ಆಗಿದೆಯೇ? ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆ ಎಳೆದು ಬರೆದುಕೊಂಡರೆ ಸಾಕು. ಆ ಪುಸ್ತಕ ಹಿಡಿದು ಪಶುವೈದ್ಯರ ಹತ್ತಿರ ಹೋಗಿ ಊರಿಗೇ ಬಂದು ಲಸಿಕೆ ಹಾಕಲು ಕೇಳೋಣ. ಗ್ರಾಮಸಭೆಯಲ್ಲಿ ಓದಿ ಹೇಳೋಣ. ನಮ್ಮ ರಾಜ್ಯದಲ್ಲಿ ಪಂಚಾಯಿತಿ ಸದಸ್ಯರ ಜಾಗದಲ್ಲಿ ಅರ್ಧ ಹೆಣ್ಣುಮಕ್ಕಳಿಗೇ ಮೀಸಲು. ಅಲ್ಲಿ ನಮ್ಮ ಮಾತು ಕೇಳುವ ನಮ್ಮವರೇ ಇದ್ದಾರೆ.

ಬಾಯಿಮಾತು ಗಾಳಿಗೆ ಹೋಗುತ್ತದೆ. ಅದಕ್ಕೇ ಅರ್ಜಿ ಬರೆಯಬೇಕು. ಹೀಗೆ ಬರೆಯಬಹುದು:

ಇವರಿಗೆ,
ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ (ಊರಿನ ಹೆಸರು ಬರೆಯಿರಿ).

ಮಾನ್ಯರೇ,
ನಮ್ಮ ಬೀದಿಯಲ್ಲಿ ಸಾಕಿದ ನಾಯಿಗಳನ್ನು ಕಟ್ಟದೆ ಬಿಡುತ್ತಿದ್ದಾರೆ. ಮಕ್ಕಳಿಗೆ, ಮುದುಕರಿಗೆ ಓಡಾಡಲು ಭಯವಾಗಿದೆ. ದಯವಿಟ್ಟು,
1. ನಾಯಿ ಸಾಕಿದವರಿಗೆ ತಿಳುವಳಿಕೆ ಪತ್ರ ಕೊಡಿ.
2. ಎಲ್ಲ ನಾಯಿಗಳಿಗೆ ಲಸಿಕೆ ಹಾಕುವ ಶಿಬಿರ ನಡೆಸಿ.
3. ಕೋಳಿ, ಕುರಿ ಮಾಂಸದ ಕಸ ಬೀದಿಗೆ ಎಸೆಯದಂತೆ ಮಾಡಿ.
4. ಬೀದಿ ನಾಯಿಗಳಿಗೆ ಆಪರೇಷನ್ ಮಾಡಿಸಿ.
ಇಂತಿ ನಿಮ್ಮ ವಿಶ್ವಾಸಿಗಳು,
(ಎಲ್ಲರ ಸಹಿ, ತಾರೀಕು)

ಎರಡು ಪ್ರತಿ ಬರೆಯಿರಿ. ಒಂದನ್ನು ಕೊಡಿ. ಇನ್ನೊಂದರ ಮೇಲೆ ಅವರ ಸಹಿ, ಸೀಲು ಹಾಕಿಸಿಕೊಂಡು ಮನೆಯಲ್ಲಿ ಇಡಿ. ಹೆಬ್ಬೆಟ್ಟು ಒತ್ತಬೇಡಿ. ಅಕ್ಷರ ಸೊಟ್ಟಗಿದ್ದರೂ ನಿಮ್ಮ ಹೆಸರು ನೀವೇ ಬರೆಯಿರಿ.

ಅಕ್ಕತಂಗಿಯರೇ, ದಾರಿ ಎಲ್ಲರದು. ಅದರಲ್ಲಿ ಹೆದರದೆ ನಡೆಯುವುದು ಯಾರೋ ಕೊಡುವ ಭಿಕ್ಷೆ ಅಲ್ಲ. ನಾಯಿ ಸಾಕುವವರು ಸಾಕಲಿ, ಪ್ರೀತಿಯಿಂದ ಸಾಕಲಿ. ಆದರೆ ಅದು ಮನೆಯೊಳಗೂ ಅವರದೇ, ಬೀದಿಯಲ್ಲೂ ಅವರದೇ ಆಗಿರಲಿ. "ಈ ನಾಯಿ ಯಾರದು?" ಅಂತ ಯಾರಾದರೂ ಕೇಳಿದರೆ "ನಮ್ದು" ಅಂತ ಮುಂದೆ ಬಂದು ಹೇಳುವವರು ಪ್ರತಿ ಬೀದಿಯಲ್ಲೂ ಇರಲಿ. ನಮ್ಮ ನಮ್ಮ ಮನೆಯಲ್ಲಿ ನಾಯಿ ಇದ್ದರೆ ಮೊದಲು ನಾವೇ ಹೇಳೋಣ. ಆ ಪುಸ್ತಕದಲ್ಲಿ ಮೊದಲ ಸಾಲು ನಮ್ಮ ಮನೆಯ ನಾಯಿಯದೇ ಆಗಲಿ.